ಎಡಗಾಲು ಶೀಘ್ರದಲ್ಲೇ ಬರಲಿದೆ

ಜೂನ್ ೩

ಪ್ರೀತಿಯ ಮೆಣಸು,

ಒಂದು ವಿಷಯವನ್ನು ಈ ಪತ್ರದಲ್ಲಿ ಬರೆಯದೆ ಬಿಟ್ಟುಬಿಡೋಣ ಎಂದಿದ್ದೆ. ನಿಮ್ಮ ಕಂಪನಿಗೆ ಕಳಿಸಿದ ಆರು ಮೇಲ್‌ಗಳಲ್ಲಿ ಬಿಟ್ಟೂ ಇದ್ದೇನೆ. ‘ಒಂದಾಗಿಸಲೇ?’ ಎಂದು ನಿಮ್ಮ ಸಾಫ್ಟ್‌ವೇರ್ ಕೇಳಿದಾಗ ‘ಹೌದು’ ಒತ್ತಿದ್ದು ನಾನೇ. ತಾನಾಗಿ ಆದದ್ದಲ್ಲ. ಮೇಲ್‌ಗಳಲ್ಲಿ ‘ತಾನಾಗಿ ಆಯಿತು’ ಎಂದು ಬರೆದೆ. ಏಳನೆಯ ಸಲ ಹಾಗೆ ಬರೆಯಲು ಹೊರಟಾಗ ನನಗೇ ನಾಚಿಕೆಯಾಯಿತು. ಅದಕ್ಕೇ ಕಾಗದ, ಪೆನ್ನು ಮತ್ತು ನೀನು.

ನಾದಿನಿಗೆ ದೂರು ಬರೆಯಬೇಕಾದೀತು ಎಂದು ಎಣಿಸಿರಲಿಲ್ಲ. ಆದರೆ ಮೇಲ್ ಮಾಡಿದರೆ ‘ನಿಮ್ಮ ದೂರು ನಮಗೆ ಅಮೂಲ್ಯ’ ಎಂದು ಒಂದು ನಿಮಿಷದೊಳಗೆ ಉತ್ತರ ಬರುತ್ತದೆ. ಮೂರು ದಿನ ಬಿಟ್ಟು ‘ನಿಮ್ಮಿಂದ ಪ್ರತಿಕ್ರಿಯೆ ಇಲ್ಲದ ಕಾರಣ ದೂರನ್ನು ಮುಚ್ಚಲಾಗಿದೆ’ ಎಂದು ಇನ್ನೊಂದು. ನಾನು ಯಾವುದಕ್ಕೆ ಪ್ರತಿಕ್ರಿಯಿಸಬೇಕಿತ್ತು, ಅಮೂಲ್ಯ ಎಂದದ್ದಕ್ಕೇ?

ನಡೆದದ್ದು ಇಷ್ಟು. ನಮ್ಮದು ಎರಡು ಕಾಲು ಒಂದೇ ಸಮ ಇಲ್ಲದವರಿಗೆ ಶೂ ಹೊಲಿಯುವ ಅಂಗಡಿ. ಇದು ನಿನಗೆ ಗೊತ್ತು, ನಿಮ್ಮ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಅದರಲ್ಲಿ ಒಬ್ಬ ಗ್ರಾಹಕರಿಗೆ ಒಂದೇ ಸೈಜಿನ ಖಾನೆ. ‘ಎಡ, ಬಲ ಬೇರೆ ಬೇರೆ ಬರೆಯೋದು ಮುಂದಿನ ಅಪ್‌ಡೇಟಲ್ಲಿ ಬರುತ್ತೆ ಅತ್ತಿಗೆ, ಸದ್ಯಕ್ಕೆ ಒಬ್ಬೊಬ್ಬರನ್ನೂ ಎರಡು ಹೆಸರಲ್ಲಿ ಹಾಕಿಬಿಡಿ’ ಎಂದು ಮೂರು ವರ್ಷದ ಹಿಂದೆ ಫೋನಿನಲ್ಲಿ ನೀನೇ ಹೇಳಿದೆ. ಹಾಕಿದೆ. ಇನ್ನೂರಾ ಆರು ಜನ ನಾನೂರಾ ಹನ್ನೆರಡು ಜನರಾದರು. ಲೈಬ್ರರಿ ಮೇಡಂ ಎಡ, ಲೈಬ್ರರಿ ಮೇಡಂ ಬಲ. ಹುಟ್ಟುಹಬ್ಬಕ್ಕೆ ಇಬ್ಬರಿಗೂ ಶುಭಾಶಯ ಹೋಗುತ್ತಿತ್ತು. ಒಮ್ಮೆ ಅವರೇ ಬಂದು, ‘ನನ್ನ ಬಲಗಾಲಿಗೆ ಮಾತ್ರ ಹತ್ತು ಪರ್ಸೆಂಟ್ ರಿಯಾಯಿತಿ ಬಂದಿದೆ, ಎಡಗಾಲು ಏನು ತಪ್ಪು ಮಾಡ್ತು?’ ಎಂದು ನಗಾಡಿದ್ದರು. ಆಗ ನಾನೂ ನಕ್ಕಿದ್ದೆ.

ಮೇ ಹನ್ನೆರಡರಂದು ದೊಡ್ಡ ಅಪ್‌ಡೇಟ್ ಬಂತು. ಪರದೆಯ ಮೇಲೆ ‘ನಿಮ್ಮ ಪಟ್ಟಿಯಲ್ಲಿ ೨೦೬ ನಕಲುಗಳಿವೆ. ಒಂದಾಗಿಸಲೇ?’ ಎಂದಿತ್ತು. ಎರಡೂ ಕಾಲು ಒಬ್ಬರದೇ ಎಂದು ಕೊನೆಗೂ ಇವರಿಗೆ ತಿಳಿಯಿತಲ್ಲ ಎಂದು ನನಗೆ ಎಷ್ಟು ಖುಷಿಯಾಯಿತು ಎಂದರೆ, ಪೂರ್ತಿ ಓದದೆ ಒತ್ತಿದೆ. ಎರಡು ದಿನದ ಮೇಲೆ ತೆರೆದು ನೋಡಿದರೆ ಎಲ್ಲರ ಹೆಸರೂ ಒಂದೊಂದೇ ಇದೆ, ಅಳತೆಯೂ ಒಂದೊಂದೇ. ನಾನು ಯಾವಾಗಲೂ ಮೊದಲು ಎಡ, ಆಮೇಲೆ ಬಲ ಬರೆಯುವವಳು. ಕೊನೆಗೆ ಬರೆದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಅದು ಎಸೆದಿದೆ. ಇನ್ನೂರಾ ಆರು ಎಡಗಾಲುಗಳು ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ನಾನು ಮೂಗನ್ನು ಕೊಯ್ಯಲು ಒಪ್ಪಿಗೆಯನ್ನೂ ಕೊಟ್ಟೆ.

ಹಳೆಯ ಅಳತೆ ಪುಸ್ತಕಗಳನ್ನು ರದ್ದಿಗೆ ಹಾಕಿದವಳೂ ನಾನೇ. ಶೂ ಹೊಲಿಯುವ ಮರದ ಅಚ್ಚುಗಳು ಎಲ್ಲರಿಗೂ ಅವೇ. ಆಯಾ ಕಾಲಿಗೆ ತಕ್ಕಂತೆ ಚರ್ಮದ ತುಂಡು ಅಂಟಿಸಿ, ಕೆಲಸ ಮುಗಿದ ಮೇಲೆ ಕಿತ್ತುಬಿಡುತ್ತೇವೆ, ಅವುಗಳಲ್ಲೂ ಅಳತೆ ಉಳಿದಿಲ್ಲ. ಎಲ್ಲರ ಕಾಲನ್ನೂ ಅಳೆದಿದ್ದ ಅತ್ತೆಗೆ ಈಗ ಮಂಡಿ ಊರಿ ಕೂರಲು ಆಗುವುದಿಲ್ಲ, ಹಾಗಾಗಿ ಅವರು ಮತ್ತೆ ಅಳೆಯುವುದು ಕನಸು. ಅಳಿಸಿದ್ದನ್ನು ನಿಮ್ಮವರು ತೊಂಬತ್ತು ದಿನ ಮಾತ್ರ ಇಟ್ಟುಕೊಳ್ಳುತ್ತಾರಂತೆ. ಅಂದರೆ ಆಗಸ್ಟ್ ಹತ್ತರವರೆಗೆ. ಹಿಂದಕ್ಕೆ ಪಡೆಯುವ ಸೌಲಭ್ಯ ‘ಶೀಘ್ರದಲ್ಲೇ ಬರಲಿದೆ’. ಅದೂ ಬೇರೆ ಆಡ್-ಆನ್ ಆಗಿ. ಈ ಆಡ್-ಆನ್‌ಗಳನ್ನು ಅತ್ತೆ ಬಾಲಂಗೋಚಿ ಎನ್ನುತ್ತಾರೆ. ಈಗಾಗಲೇ ಮೂರು ಬಾಲಂಗೋಚಿ ಇವೆ, ಗಾಳಿಪಟ ಮಾತ್ರ ಹಾರಿಲ್ಲ.

ನೀನು ಒಳಗಿದ್ದೀಯ. ಯಾರನ್ನಾದರೂ ಕೇಳು. ನನಗೆ ಶೀಘ್ರ ಬೇಡ, ಒಂದು ತಾರೀಕು ಬೇಕು.

ನಿನ್ನ ಅತ್ತಿಗೆ

* * *

ಜೂನ್ ೧೯

ಪ್ರೀತಿಯ ಅತ್ತಿಗೆ,

ನಿಮ್ಮ ಕೈಬರಹ ನೋಡಿ ಎಷ್ಟು ವರ್ಷವಾಗಿತ್ತು! ಕವರ್ ನೋಡಿ ಆಫೀಸಿನವರೆಲ್ಲ ಮದುವೆ ಕಾಗದ ಅಂದುಕೊಂಡರು.

ನೀವು ಒತ್ತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬಹಳ ಜನ ಒತ್ತಿದ್ದಾರೆ. ಒಂದು ಕ್ಷೌರದಂಗಡಿಯಲ್ಲಿ ಅಪ್ಪ, ಮಗ ಒಂದೇ ಫೋನ್ ನಂಬರ್ ಕೊಟ್ಟಿದ್ದರಂತೆ, ಇಬ್ಬರೂ ಒಬ್ಬರೇ ಆಗಿಬಿಟ್ಟಿದ್ದಾರೆ. ನಿಮ್ಮ ವಿಷಯವನ್ನು ನಾನು ಸಂಬಂಧಪಟ್ಟವರ ಗಮನಕ್ಕೆ ತಂದಿದ್ದೇನೆ. ಎಡ-ಬಲ ಅಳತೆಯ ಸಾಲು ಬರಲಿರುವ ಸೌಲಭ್ಯಗಳ ಪಟ್ಟಿಯಲ್ಲಿ ಇದೆ, ಮೂರನೆಯದೇ. ಹಿಂದಕ್ಕೆ ಪಡೆಯುವುದೂ ಇದೆ. ಆದ್ಯತೆ ಬದಲಾಗುತ್ತಿರುತ್ತದೆ, ತಾರೀಕು ಹೇಳುವುದು ಕಷ್ಟ. ಇಲ್ಲಿ ಯಾರೂ ತಾರೀಕು ಹೇಳುವುದಿಲ್ಲ, ಅದು ನಿಯಮ.

ಅಮ್ಮನಿಗೆ ಸದ್ಯಕ್ಕೆ ಹೇಳಬೇಡಿ. ಅವರ ಮಂಡಿಗೆ ಹೊಸ ಡಾಕ್ಟರನ್ನು ನೋಡಿದಿರಾ? ಅಣ್ಣ ಹೇಗಿದ್ದಾನೆ, ಇನ್ನೂ ಬೆಂಚಿನ ಮೇಲೆ ಗುನುಗುತ್ತಾನಾ?

ಮೆಣಸು

* * *

ಜುಲೈ ೮

ಮೆಣಸು,

ಸಂಬಂಧಪಟ್ಟವರ ಗಮನಕ್ಕೆ ತಂದೆ ಎಂದು ಬರೆದೆಯಲ್ಲ, ಆ ಸಾಲನ್ನು ನಾಲ್ಕು ಸಲ ಓದಿದೆ. ಅದನ್ನು ಬರೆದದ್ದು ನೀನೋ ನಿಮ್ಮ ಯಂತ್ರವೋ ತಿಳಿಯಲಿಲ್ಲ.

ಅತ್ತೆಗೆ ಹೇಳಬೇಡಿ ಎಂದೆ ನೀನು. ಹೇಳದೆ ಇರುವ ದಾರಿಯನ್ನು ಲೈಬ್ರರಿ ಮೇಡಂ ಮುಚ್ಚಿದರು. ಎಡಗಾಲುಗಳು ಹೋದದ್ದು ತಿಳಿದ ದಿನವೇ ಕಂಪ್ಯೂಟರಿನಿಂದ ಅಳತೆ ತೆಗೆದು ಬೆಂಚಿಗೆ ಕಳಿಸುವ ಕೆಲಸದ ಹಾಳೆಗಳನ್ನೆಲ್ಲ ನಾನು ತಡೆದಿದ್ದೆ. ಒಂದು ಹಾಳೆ ಮಾತ್ರ ನನ್ನ ಕಣ್ಣು ತಪ್ಪಿ ಆ ಎರಡು ದಿನದ ನಡುವೆ ನಿನ್ನಣ್ಣನ ಬೆಂಚಿಗೆ ಹೋಗಿತ್ತು. ಅದು ಮೇಡಂ ಅವರದು. ಅವರ ಎಡಗಾಲು ಹದಿನಾಲ್ಕು ಮಿಲಿಮೀಟರ್ ಗಿಡ್ಡ. ಆ ಶೂವಿನ ಅಟ್ಟೆ ಅಷ್ಟು ದಪ್ಪ ಇರಬೇಕು. ಹಾಳೆಯಲ್ಲಿ ಎರಡಕ್ಕೂ ಒಂದೇ ಅಳತೆ. ನಿನ್ನಣ್ಣ ಹಾಗೇ ಹೊಲಿದ. ‘ಇಪ್ಪತ್ತು ವರ್ಷದಿಂದ ಅವರ ಶೂ ಹೊಲೀತಿದ್ದೀಯ, ಒಂದು ಮಾತು ಕೇಳಬಾರದಿತ್ತಾ?’ ಎಂದೆ. ‘ಕಂಪ್ಯೂಟರಲ್ಲಿ ಇತ್ತಲ್ಲ. ಕಾಲು ಸರಿಹೋಯ್ತೇನೋ ಅಂದ್ಕೊಂಡೆ’ ಎಂದ. ಏನು ಹೇಳಲಿ? ನಾನು ಅದಕ್ಕಿಂತ ದೊಡ್ಡದನ್ನು ನಂಬಿ ಗುಂಡಿ ಒತ್ತಿದವಳು.

ಮೇಡಂ ಮೊನ್ನೆ ಬಲಗೈಗೆ ಪಟ್ಟಿ ಕಟ್ಟಿಕೊಂಡು ಬಂದರು. ಪುಸ್ತಕ ಇಳಿಸಲು ಸ್ಟೂಲು ಹತ್ತಿದಾಗ ವಾಲಿ ಬಿದ್ದರಂತೆ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಶೂಗಳನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು.

‘ತಪ್ಪು ನನ್ನದೇ ಇರ್ಬೇಕು ಅಂತ ಎಂಟು ದಿನ ಹಾಕ್ಕೊಂಡು ಓಡಾಡಿದೆ. ನಿಮ್ಮ ಅತ್ತೆ ಅಳತೆ ಯಾವತ್ತೂ ತಪ್ಪಿಲ್ಲ ನೋಡಿ, ನನ್ನ ಕಾಲೇ ಏನೋ ಆಗಿದೆ ಅಂದ್ಕೊಂಡೆ’ ಎಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕುರ್ಚಿಯಲ್ಲಿ ಕೂತಿರುವಾಗಲೇ ಅವರ ಫೋನು ಟಿಂಗ್ ಎಂದಿತು. ನಿಮ್ಮ ಎರಡನೆಯ ಬಾಲಂಗೋಚಿ. ‘ನಿಮ್ಮ ಹೊಸ ಶೂ ಹೇಗಿದೆ? ಐದು ನಕ್ಷತ್ರ ಕೊಡಿ!’ ಎಡಗೈಯಲ್ಲಿ ಒತ್ತಲು ಬಾರದೆ ಅವರು ಫೋನನ್ನು ನನ್ನ ಕೈಗೇ ಕೊಟ್ಟರು.

ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಶೂ ಎತ್ತಿ ಅಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದರು, ಅಷ್ಟೇ.

‘ಎಡಗಾಲು ಎಲ್ಲಿ?’

ಹೇಳಿದೆ. ಎಲ್ಲವನ್ನೂ, ಗುಂಡಿಯ ವಿಷಯವನ್ನೂ. ಅವರು ನನ್ನನ್ನು ಏನೂ ಅನ್ನಲಿಲ್ಲ. ನಿನ್ನನ್ನು ಅಂದರು. ಅದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಈ ಮನೆಯಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ. ನಾನು ಬಂದು ಹದಿನಾರು ವರ್ಷವಾಯಿತು, ನನಗೂ ಎತ್ತದೆ ಅಭ್ಯಾಸವಾಗಿದೆ. ಅವರು ಅಂದದ್ದು ಇದು: ‘ಅವಳ ಎಡಗಾಲು ಚಿಕ್ಕದು ಅಂತಾನೇ ನಾನು ಈ ಕಸುಬು ಕಲಿತಿದ್ದು. ಬೇರೆಯವರ ಕಾಲೆಲ್ಲ ಆಮೇಲೆ ಬಂದಿದ್ದು. ಹನ್ನೊಂದು ವರ್ಷಕ್ಕೆ, ಸ್ಕೂಲಲ್ಲಿ ಆಡ್ಕೋತಾರೆ, ನೀನು ಹೊಲಿದಿದ್ದು ಬೇಡ, ಅಂಗಡಿ ಶೂನೇ ಬೇಕು ಅಂದ್ಲು. ಸರಿ ಅಂದೆ. ಈಗ ಅವಳ ಕಂಪನಿಗೇ ಎಡಗಾಲು ಅಂದ್ರೆ ಏನು ಅಂತ ಗೊತ್ತಿಲ್ವಂತಾ?’

ಮೆಣಸು, ಇನ್ನು ಮೂವತ್ತಮೂರು ದಿನ ಇದೆ. ಮಳಿಗೆಗೆ ಬರುವವರು ಹಳೆಯ ಶೂ ಸವೆಸಿಕೊಂಡು ಬರುತ್ತಾರೆ, ನಾನು ಬಾಗಿಲಲ್ಲೇ ‘ಸ್ವಲ್ಪ ದಿನ ತಡೀರಿ’ ಎನ್ನುತ್ತೇನೆ. ನಿಮ್ಮ ಭಾಷೆಯನ್ನು ನಾನೂ ಕಲಿತುಬಿಟ್ಟೆ.

ಅತ್ತಿಗೆ

* * *

ಆಗಸ್ಟ್ ೧೧

ಮೆಣಸು,

ನಿನ್ನೆಗೆ ತೊಂಬತ್ತು ದಿನ ಆಯಿತು.

ಬೆಳಗ್ಗೆ ಮೇಲ್ ಬಂದಿದೆ. ‘ಸಿಹಿಸುದ್ದಿ! ನಿಮ್ಮ ಖಾತೆಯಲ್ಲಿ ಜಾಗ ಖಾಲಿಯಾಗಿದೆ.’

ನೀನು ಬರೆಯಲಿಲ್ಲ. ಬರೆಯಲಾಗದಂಥದ್ದು ಏನೋ ಇರಬೇಕು ಎಂದು ಒಂದು ಮನಸ್ಸು. ಕೆಲಸ ಜಾಸ್ತಿ ಇರಬೇಕು ಎಂದು ಇನ್ನೊಂದು. ಮೂರನೆಯದನ್ನು ಬರೆಯುವುದಿಲ್ಲ.

ಅತ್ತಿಗೆ

* * *

ಸೆಪ್ಟೆಂಬರ್ ೨೪

ಪ್ರೀತಿಯ ಅತ್ತಿಗೆ,

ಈ ಪತ್ರ ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲಿನ ಮೂರರಲ್ಲಿ ‘ಸಂಬಂಧಪಟ್ಟವರು’ ಇದ್ದರು. ನೀವು ಕೇಳಿದ್ದು ಸರಿ, ಆ ಸಂಬಂಧಪಟ್ಟವಳು ನಾನೇ. ಮುಂದೆ ಬರಲಿರುವ ಸೌಲಭ್ಯಗಳ ಪಟ್ಟಿಯನ್ನು ಈ ಕಂಪನಿಯಲ್ಲಿ ಬರೆಯುವವಳು ನಾನು. ಶೀಘ್ರದಲ್ಲೇ ಎಂಬ ಪದ ನನ್ನದು.

ಜೂನ್‌ನಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ಲೈಬ್ರರಿ ಮೇಡಂ ಬಿದ್ದ ಪತ್ರ ಬಂದ ಮೇಲೆ, ಅಳಿಸಿದ್ದನ್ನು ವಾಪಸ್ ತರುವ ಅರ್ಜಿ ತುಂಬಿದೆ. ಅದರಲ್ಲಿ ‘ಎಷ್ಟು ಗ್ರಾಹಕರಿಗೆ ತೊಂದರೆಯಾಗಿದೆ?’ ಎಂಬ ಖಾನೆ ಇದೆ. ನಮ್ಮ ಲೆಕ್ಕದಲ್ಲಿ ಗ್ರಾಹಕ ಅಂದರೆ ಅಂಗಡಿ. ಇನ್ನೂರಾ ಆರು ಎಂದು ಬರೆದೆ, ವಾಪಸ್ ಬಂತು. ಒಂದು ಎಂದು ಬರೆದೆ, ಸಾಲಿನ ಕೊನೆಗೆ ಹೋಯಿತು. ಕೆಳಗೆ ‘ವಿಶೇಷ ಕಾರಣ’ ಎಂದು ಇನ್ನೊಂದು ಖಾನೆ ಇತ್ತು. ಅಲ್ಲಿ ಬರೆದಿದ್ದರೆ ಯಾರಾದರೂ ಬಂದು ಏನಿದು ಎಂದು ಕೇಳುತ್ತಿದ್ದರು. ಅದನ್ನು ಖಾಲಿ ಬಿಟ್ಟೆ. ಆಗಸ್ಟ್ ಹತ್ತು ದಾಟಿಹೋಯಿತು.

ಯಾಕೆ ಖಾಲಿ ಬಿಟ್ಟೆ ಎಂದರೆ, ಎರಡು ವರ್ಷದ ಹಿಂದೆ ಒಂದು ಮೀಟಿಂಗ್ ಆಯಿತು. ಪಟ್ಟಿಯ ಒಂದೊಂದು ಸಾಲನ್ನೂ ಓದಿ ಇಡೋಣವೋ ತೆಗೆಯೋಣವೋ ಎಂದು ನೋಡುತ್ತಿದ್ದೆವು. ಎಡ-ಬಲದ ಸಾಲು ಬಂದಾಗ ನಮ್ಮ ಮೇಲಿನವರು, ‘ಇದ್ಯಾರಪ್ಪಾ ಕೇಳಿದ್ದು? ಎಡಕ್ಕೊಂದು ಸೈಜು, ಬಲಕ್ಕೊಂದು ಸೈಜು ಯಾರಿಗಾದ್ರೂ ಇರುತ್ತಾ? ಇಂಥವರು ಊರಿಗೆ ಎಷ್ಟು ಜನ?’ ಎಂದರು. ಕೆಟ್ಟ ಮನುಷ್ಯರಲ್ಲ, ಗೊತ್ತಿಲ್ಲದೆ ಕೇಳಿದರು. ಯಾರೋ, ‘ಎರಡು ಕಂಪನಿ ಶೂ ಹಾಕೋರಿಗಿರ್ಬೇಕು ಸಾರ್’ ಎಂದರು. ಎಲ್ಲರೂ ನಕ್ಕರು.

ಮೇಜಿನ ಕೆಳಗೆ ನಾನು ಎಡಗಾಲನ್ನು ಬಲಗಾಲಿನ ಹಿಂದಕ್ಕೆ ಎಳೆದುಕೊಂಡೆ. ಎಡ ಶೂವಿನ ತುದಿಯಲ್ಲಿ ಯಾವಾಗಲೂ ಹತ್ತಿ ತುರುಕಿರುತ್ತೇನೆ ಅತ್ತಿಗೆ, ಹನ್ನೊಂದನೆಯ ವಯಸ್ಸಿನಿಂದ. ಇಲ್ಲಿ ಒಂಬತ್ತು ವರ್ಷವಾಯಿತು, ಯಾರಿಗೂ ಗೊತ್ತಿಲ್ಲ. ‘ಊರಿಗೆಷ್ಟೋ ಗೊತ್ತಿಲ್ಲ ಸಾರ್, ಈ ರೂಮಲ್ಲೊಬ್ಬಳಿದ್ದಾಳೆ’ ಎನ್ನಬಹುದಿತ್ತು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ.

‘ತೆಗೆದುಬಿಡು ಆ ಸಾಲನ್ನ’ ಎಂದರು. ಅಳಿಸಲು ಕೈ ಬರಲಿಲ್ಲ, ಬೇಕು ಎನ್ನಲು ಬಾಯಿ ಬರಲಿಲ್ಲ. ಶೀಘ್ರದಲ್ಲೇ ಎಂದು ಬರೆದೆ. ಆ ಸೌಲಭ್ಯವನ್ನು ಯಾರೂ ತಯಾರಿಸುತ್ತಿಲ್ಲ. ಯಾವತ್ತೂ ತಯಾರಿಸುತ್ತಿರಲಿಲ್ಲ.

ಇದನ್ನು ಅಮ್ಮನಿಗೆ ಓದಿ ಹೇಳುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟಿದ್ದು. ಲೈಬ್ರರಿ ಮೇಡಂಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಮೆಣಸು

* * *

ಅಕ್ಟೋಬರ್ ೧೨

ಪ್ರೀತಿಯ ಮೆಣಸು,

ನಿನ್ನ ಪತ್ರ ಓದಿ ಪಾಪ ಎನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಪಾತ್ರೆ ತೊಳೆಯುವಾಗ ಒಂದು ಲೋಟ ಒಡೆದೆ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಮೂರು ವರ್ಷ ಪ್ರತಿ ಅಪ್‌ಡೇಟಿಗೂ ಬೆಳಗ್ಗೆ ಅಂಗಡಿ ತೆರೆದು ಮೊದಲು ಕಂಪ್ಯೂಟರ್ ಮುಂದೆ ಕೂತವಳು ನಾನು. ಬಂದದ್ದೇನು? ಪರದೆಯ ಬಣ್ಣ ಬದಲಾಗಿತ್ತು. ಒಂದು ಸಲ ಗಂಟೆಯ ಚಿತ್ರ ಎಡದಿಂದ ಬಲಕ್ಕೆ ಹೋಗಿತ್ತು. ಎಡದಿಂದ ಏನನ್ನು ತೆಗೆಯಲೂ ನಿಮ್ಮವರಿಗೆ ಎಷ್ಟು ಉತ್ಸಾಹ.

ಎರಡನೆಯ ದಿನ ಬೇರೆ ಪ್ರಶ್ನೆ ಬಂತು, ಮತ್ತು ಅದು ನನ್ನ ಮೇಲೇ ತಿರುಗಿತು. ಹದಿನಾರು ವರ್ಷ ಅತ್ತೆಯ ಪಕ್ಕ ಕೂತು ನಾನು ಅಳತೆ ಬರೆದುಕೊಂಡೆ. ಒಂದು ಸಲವೂ ‘ಹೇಗೆ ಅಳೆಯೋದು, ತೋರಿಸಿ’ ಎನ್ನಲಿಲ್ಲ. ‘ನಿನಗೆ ಇಂಗ್ಲಿಷ್ ಬರುತ್ತಲ್ಲ, ಕಂಪ್ಯೂಟರ್ ನೀನು ನೋಡ್ಕೋ’ ಎಂದು ಅವರು ಅಂದಾಗ ನನಗೆ ಹೆಮ್ಮೆಯಾಗಿತ್ತು. ಬೇರೆಯವರ ಕಾಲು ತೊಡೆಯ ಮೇಲಿಟ್ಟುಕೊಳ್ಳುವುದು ತಪ್ಪಿತಲ್ಲ ಎಂದು ಒಳಗೊಳಗೆ ಸಮಾಧಾನವೂ ಆಗಿತ್ತು. ನೀನು ಮೇಜಿನ ಕೆಳಗೆ ಕಾಲು ಎಳೆದುಕೊಂಡೆ. ನಾನು ಮೇಜಿನ ಹಿಂದೆ ಪೂರ್ತಿಯಾಗಿ ಅಡಗಿಕೊಂಡಿದ್ದೆ.

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ, ಬಿಡದೆ. ಅವರು ಸೆರಗಿನ ಅಂಚು ಮಡಿಸಿದರು. ಆಮೇಲೆ, ‘ನಕ್ಕಳಂತಾ?’ ಎಂದರು. ‘ಹೂಂ’ ಎಂದೆ. ‘ಜೋರಾಗಾ?’ ‘ಹಾಗಂತ ಬರೆದಿದ್ದಾಳೆ.’ ಮಾರನೆಯ ಬೆಳಗ್ಗೆ ನನ್ನನ್ನು ಕರೆದು, ‘ಕೆಳಗೆ ಕೂತ್ಕೋ’ ಎಂದರು.

ಹಾಗಾಗಿ ಈಗ ಅಳೆಯುವವಳು ನಾನು. ಅವರು ಕುರ್ಚಿಯಲ್ಲಿ ಕೂತು ಕೋಲಿನಿಂದ ತೋರಿಸುತ್ತಾರೆ. ಮೊದಲು ಗ್ರಾಹಕರು ಕೋಣೆಯಲ್ಲಿ ಹತ್ತು ಸುತ್ತು ನಡೆಯಬೇಕು. ಕೂತು ಬಂದ ಕಾಲು ಸುಳ್ಳು ಹೇಳುತ್ತದಂತೆ. ಆಮೇಲೆ ಹಳೆಯ ಶೂವಿನ ಹಿಮ್ಮಡಿ ಎಲ್ಲಿ ಸವೆದಿದೆ ಎಂದು ಬೆರಳಿನಿಂದ ಓದಬೇಕು. ಕೊನೆಗೆ ಟೇಪು. ನಾನು ಮೊದಲ ಸಲ ಕಾಲು ಹಿಡಿದಾಗ ಅತ್ತೆ, ‘ಕಪ್ಪು ಸಾಸರ್ ಹಿಡಿದ ಹಾಗೆ ಹಿಡೀತೀಯಲ್ಲ! ಇಂಗ್ಲಿಷಲ್ಲಿ ಹಿಡೀಬೇಡ ಕಣೆ, ಕೈಯಲ್ಲಿ ಹಿಡಿ’ ಎಂದರು. ಕಾಲಿನ ಒಡೆಯರಿಗೆ ನಗು ತಡೆಯಲಾಗದೆ ಅಳತೆ ಕೆಟ್ಟಿತು, ಮತ್ತೆ ಹತ್ತು ಸುತ್ತು ನಡೆಸಿದರು.

ಒಬ್ಬೊಬ್ಬರಿಗೂ ಫೋನ್ ಮಾಡಿ ‘ನಿಮ್ಮ ಎಡಗಾಲು ಕಳೆದಿದೆ, ತಪ್ಪು ನನ್ನದು, ದಯವಿಟ್ಟು ಬನ್ನಿ’ ಎನ್ನುತ್ತೇನೆ. ಇದುವರೆಗೆ ಐವತ್ತೆಂಟು ಜನ ಬಂದಿದ್ದಾರೆ. ಹನ್ನೆರಡು ಜನ ‘ಬೇಡ ಬಿಡಿ’ ಎಂದರು. ಒಬ್ಬರು, ‘ಕಳೆದಿದ್ದು ಎಡಗಾಲಾ? ಸದ್ಯ, ನೋವಿರೋದು ಅದೇ’ ಎಂದರು. ಅಳತೆಗಳು ಪುಸ್ತಕದಲ್ಲಿವೆ. ಬಾಲಂಗೋಚಿಗಳನ್ನು ಮೂರನ್ನೂ ಕತ್ತರಿಸಿದೆ. ಕತ್ತರಿಸುವ ಗುಂಡಿ ಹುಡುಕಲು ನಲವತ್ತು ನಿಮಿಷ ಹಿಡಿಯಿತು, ಆಮೇಲೆ ‘ನಮ್ಮನ್ನು ಬಿಟ್ಟು ಹೋಗುತ್ತಿರುವುದೇಕೆ?’ ಎಂದು ಐದು ಆಯ್ಕೆ ಕೊಟ್ಟರು. ನಮ್ಮ ಕಾರಣ ಐದರಲ್ಲೂ ಇರಲಿಲ್ಲ.

ಲೈಬ್ರರಿ ಮೇಡಂಗೆ ಏನು ಹೇಳಬೇಕೆಂದು ನೀನು ಕೇಳಿದ್ದೆ. ಅವರಿಗೆ ಹೇಳಬೇಕಾದ್ದನ್ನು ನಾನು ಹೇಳಿದ್ದೇನೆ. ನೀನು ಹೇಳಬೇಕಾದ್ದು ಆ ಮೀಟಿಂಗಿನಲ್ಲಿ. ಹೇಳಲೇಬೇಕೆಂದು ನಾನು ಒತ್ತಾಯ ಮಾಡುವುದಿಲ್ಲ. ಅದು ನಿನ್ನ ಕಾಲು. ಆದರೆ ಪಟ್ಟಿಯ ಆ ಸಾಲನ್ನು ಹಾಗೇ ಇಡಬೇಡ. ಅಳಿಸು, ಇಲ್ಲ ತಾರೀಕು ಹಾಕು. ಬರುವುದಿಲ್ಲ ಎಂದು ಮೂರು ವರ್ಷದ ಹಿಂದೆಯೇ ತಿಳಿದಿದ್ದರೆ ನಮ್ಮ ಪುಸ್ತಕಗಳು ಇಲ್ಲೇ ಇರುತ್ತಿದ್ದವು.

ಇನ್ನೊಂದು ಇದೆ. ನಿನ್ನೆ ಕೆಲಸ ಮುಗಿದ ಮೇಲೆ ಅತ್ತೆ, ‘ಎಲ್ಲರದ್ದೂ ಆಗ್ತಿದೆ, ಅವಳದ್ದೂ ಪುಸ್ತಕಕ್ಕೆ ಹಾಕು’ ಎಂದರು. ‘ಅವಳು ಇಲ್ಲಿಲ್ಲವಲ್ಲ ಅತ್ತೆ, ಹೇಗೆ ಅಳೆಯಲಿ?’ ಎಂದೆ. ‘ಅಳೆಯೋದೇನು, ಅವಳ ಎಡಗಾಲು ನನಗೆ ಬಾಯಿಪಾಠ’ ಎಂದು ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, ದಪ್ಪ ಕಾಗದದ ಮೇಲೆ ಒಂದೇ ಗೆರೆಯಲ್ಲಿ ಪಾದ ಬರೆದರು. ಕೈ ಎಲ್ಲೂ ತಡೆಯಲಿಲ್ಲ. ಕಿರುಬೆರಳು ಸ್ವಲ್ಪ ಒಳಕ್ಕೆ ತಿರುಗಿರುವುದನ್ನೂ ಬರೆದರು.

ನಾನು ಟೇಪು ಇಟ್ಟೆ. ಹದಿನೆಂಟೂವರೆ ಸೆಂಟಿಮೀಟರ್.

‘ಅತ್ತೆ, ಇದು ಚಿಕ್ಕ ಹುಡುಗಿ ಕಾಲು’ ಎಂದೆ.

ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ದೂರ ಹಿಡಿದು ನೋಡಿದರು.

‘ಹೌದಲ್ವಾ’ ಎಂದರು. ‘ಹಾಗಾದ್ರೆ ಈಗ ಎಷ್ಟಾಗಿರ್ಬಹುದು?’

ನನಗೆ ಗೊತ್ತಿಲ್ಲ ಎಂದೆ. ಅವರಿಗೂ ಗೊತ್ತಿರಲಿಲ್ಲ. ಅವರಿಗೆ ಒಂದು ಕಾಲಿನ ಅಳತೆ ಗೊತ್ತಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಕೇಳು ಅವಳನ್ನ’ ಎಂದರು, ಗೋಡೆಯ ಕಡೆ ತಿರುಗಿ.

ಕೇಳುತ್ತಿದ್ದೇನೆ. ನವೆಂಬರ್ ಎರಡು, ಭಾನುವಾರ, ಬೆಳಗ್ಗೆ ಹತ್ತಕ್ಕೆ ನಿನ್ನ ಹೆಸರು ಬರೆದಿದ್ದೇನೆ. ಎಡ ಒಂದು ಸಾಲು, ಬಲ ಒಂದು ಸಾಲು. ಹತ್ತಿ ತೆಗೆದು ಬಾ. ಹತ್ತು ಸುತ್ತು ನಡೆಯಬೇಕಾಗುತ್ತದೆ, ಅದರಲ್ಲಿ ಅತ್ತೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪತ್ರ ಮುಗಿಯಿತು, ಆದರೆ ಈಗಲೇ ಹಾಕುವುದಿಲ್ಲ. ನಾನು ಮೊದಲು ಅಳೆದ ಎಡಗಾಲು ಲೈಬ್ರರಿ ಮೇಡಂ ಅವರದು. ಗುರುವಾರ ಅವರು ಹೊಸ ಶೂ ಹಾಕಿ ನಡೆದು ನೋಡಲು ಬರುತ್ತಾರೆ. ವಾಲಿದರೆ ವಾಲಿದರು ಎಂದು, ನೇರ ನಡೆದರೆ ನೇರ ನಡೆದರು ಎಂದು, ಇದರ ಕೆಳಗೆ ಒಂದು ಸಾಲು ಸೇರಿಸುತ್ತೇನೆ. ಏನೇ ಆದರೂ ಇದು ಅಂಚೆಗೆ ಬೀಳುವುದು ಅಕ್ಟೋಬರ್ ೧೭, ಶುಕ್ರವಾರ.

ನಿನ್ನ ಅತ್ತಿಗೆ